ಎಲ್ಲರೂ ಕಳ್ಳರೆಂದರೆ ಯಾರೂ ಸಿಕ್ಕಿಬೀಳುವುದಿಲ್ಲ

2022ರ ನವೆಂಬರ್ 3ರಂದು ಮುಂಬಯಿಯ ಅಂಧೇರಿ ಪೂರ್ವ ವಿಧಾನಸಭಾ ಕ್ಷೇತ್ರದಲ್ಲಿ ಉಪಚುನಾವಣೆ ನಡೆಯಿತು. ಮತಗಟ್ಟೆಯವರೆಗೆ ಬಂದವರು ನೂರಕ್ಕೆ ಮೂವತ್ತೆರಡು ಮಂದಿಯೂ ಇಲ್ಲ. ಬಂದವರಲ್ಲೂ 12,806 ಜನ ನೋಟಾ ಗುಂಡಿ ಒತ್ತಿದರು. ಶಿವಸೇನೆಯ ಉದ್ಧವ್ ಬಣದ ಋತುಜಾ ಲಟ್ಕೆ ಗೆದ್ದರು. ಎರಡನೆಯ ಸ್ಥಾನ ಯಾವ ಅಭ್ಯರ್ಥಿಗೂ ಸಿಗಲಿಲ್ಲ, ನೋಟಾಕ್ಕೆ ಹೋಯಿತು. ಬಿಜೆಪಿ ತನ್ನ ಅಭ್ಯರ್ಥಿಯನ್ನು ಕಣದಿಂದ ಹಿಂದೆಗೆದುಕೊಂಡಿತ್ತು, ಆ ಮತಗಳ ಹಿಂದೆ ಪಕ್ಷಗಳ ಒಳಲೆಕ್ಕವೂ ಇತ್ತೆಂಬ ಆರೋಪ ಬಂದಿತ್ತು, ನಿಜ. ಆದರೂ ಮನೆಯಿಂದ ಹೊರಗೇ ಬಾರದ ಮೂರನೆಯ ಎರಡು ಪಾಲು ಮತದಾರರನ್ನು ಯಾವ ಒಳಲೆಕ್ಕವೂ ವಿವರಿಸಲಾರದು.

ಇದೇ ಅಂಧೇರಿ, ಜೋಗೇಶ್ವರಿ, ಗೋರೆಗಾಂವ್‌ಗಳು ಸೇರಿದ ವಾಯವ್ಯ ಮುಂಬಯಿ ಲೋಕಸಭಾ ಕ್ಷೇತ್ರದಲ್ಲಿ 2024ರಲ್ಲಿ ಶಿಂದೆ ಬಣದ ರವೀಂದ್ರ ವಾಯ್ಕರ್ ಗೆದ್ದದ್ದು ಕೇವಲ 48 ಮತಗಳಿಂದ. ಆ ಚುನಾವಣೆಯಲ್ಲಿ ಅಲ್ಲಿ ನೋಟಾಕ್ಕೆ ಬಿದ್ದ ಮತ ಹದಿನೈದು ಸಾವಿರಕ್ಕೂ ಹೆಚ್ಚು. ಬೇಸತ್ತವರ ಸಂಖ್ಯೆ ಫಲಿತಾಂಶವನ್ನು ತಿರುಗಿಸುವಷ್ಟು ದೊಡ್ಡದಿತ್ತು. ಆದರೆ ಅವರ ಬೇಸರ ಯಾರನ್ನೂ ಗೆಲ್ಲಿಸಲಿಲ್ಲ, ಯಾರನ್ನೂ ಸೋಲಿಸಲೂ ಇಲ್ಲ.

‘ರಾಜಕಾರಣಿಗಳೆಲ್ಲ ಒಂದೇ, ಪೇಪರಿನವರೂ ಟಿವಿಯವರೂ ಮಾರಿಕೊಂಡವರೇ.’ ಮಾಟುಂಗಾದ ಹೋಟೆಲಿನ ಮೇಜಿನಲ್ಲಿ, ಡೊಂಬಿವಲಿಯ ಲೋಕಲ್ ಗಾಡಿಯಲ್ಲಿ, ಸೊಸೈಟಿಯ ಸಭೆಯಲ್ಲಿ, ಸಂಘದ ವಾಟ್ಸಾಪ್ ಗುಂಪಿನಲ್ಲಿ ಈ ಮಾತು ಈಗ ಚರ್ಚೆಯ ಕೊನೆಯ ವಾಕ್ಯ. ಇದರಾಚೆ ಮಾತು ಬೆಳೆಯುವುದೇ ಇಲ್ಲ. ಈ ಭ್ರಮನಿರಸನಕ್ಕೆ ಆಧಾರವಿದೆಯೇ? ಇದ್ದರೆ ಅದರಿಂದ ಲಾಭ ಯಾರಿಗೆ? ಮುಂಬಯಿಯ ಕನ್ನಡಿಗರಾದ ನಾವು ಈ ಕತೆಯಲ್ಲಿ ಎಲ್ಲಿದ್ದೇವೆ? ಈ ಮೂರು ಪ್ರಶ್ನೆಗಳನ್ನು ಹಿಡಿದು ನಗರದ ಅನುಭವವನ್ನು ಒಮ್ಮೆ ಸಮಗ್ರವಾಗಿ ನೋಡಬೇಕಾಗಿದೆ.

ನಂಬಿಕೆ ಇದ್ದ ಕಾಲ

ಮುಂಬಯಿ ಹುಟ್ಟಾ ಸಿನಿಕರ ನಗರವಲ್ಲ. 1908ರ ಜುಲೈನಲ್ಲಿ ‘ಕೇಸರಿ’ಯ ಬರಹಗಳಿಗಾಗಿ ಲೋಕಮಾನ್ಯ ತಿಲಕರಿಗೆ ಇಲ್ಲಿನ ಹೈಕೋರ್ಟಿನಲ್ಲಿ ಆರು ವರ್ಷಗಳ ಶಿಕ್ಷೆಯಾದಾಗ ಗಿರಣಿ ಕಾರ್ಮಿಕರು ಆರು ದಿನ ಕೆಲಸ ನಿಲ್ಲಿಸಿ ಬೀದಿಗಿಳಿದರು. ಅವರಲ್ಲಿ ಬಹುಪಾಲು ಜನ ಪತ್ರಿಕೆ ಓದಬಲ್ಲವರಾಗಿರಲಿಲ್ಲ. ಓದಿ ಹೇಳಿದ್ದನ್ನು ಕೇಳಿದವರು ಅವರು. ಹಾಗಿದ್ದೂ ಒಬ್ಬ ಸಂಪಾದಕನಿಗಾಗಿ ಕೂಲಿ ಕಳೆದುಕೊಳ್ಳಲು, ಗುಂಡಿಗೆ ಎದೆಯೊಡ್ಡಲು ಸಿದ್ಧರಾದರು. ಐವತ್ತರ ದಶಕದ ಸಂಯುಕ್ತ ಮಹಾರಾಷ್ಟ್ರ ಚಳವಳಿಯಲ್ಲಿ ಆಚಾರ್ಯ ಅತ್ರೆಯವರ ‘ಮರಾಠಾ’ ಪತ್ರಿಕೆಗೂ ಅಂಥದೇ ಬಲವಿತ್ತು.

ರಾಜಕಾರಣಿಯ ಮೇಲಿನ ನಂಬಿಕೆಗೆ ನಮ್ಮದೇ ಕರಾವಳಿಯ ನಿದರ್ಶನವಿದೆ. ಮಂಗಳೂರಿನಿಂದ ಬರಿಗೈಯಲ್ಲಿ ಬಂದು ಚೌಪಾಟಿಯ ಬೆಂಚಿನ ಮೇಲೆ ಮಲಗಿದ ಜಾರ್ಜ್ ಫರ್ನಾಂಡಿಸ್ ಹೋಟೆಲ್ ಕಾರ್ಮಿಕರನ್ನು, ಟ್ಯಾಕ್ಸಿ ಚಾಲಕರನ್ನು, ಪಾಲಿಕೆಯ ನೌಕರರನ್ನು ಸಂಘಟಿಸಿದರು. 1961ರಲ್ಲಿ ಪಾಲಿಕೆಯ ಸದಸ್ಯರಾದರು. 1967ರಲ್ಲಿ ದಕ್ಷಿಣ ಮುಂಬಯಿಯಲ್ಲಿ, ನಗರದ ಕಾಂಗ್ರೆಸ್ಸಿನ ಅನಭಿಷಿಕ್ತ ದೊರೆಯೆನಿಸಿದ್ದ ಎಸ್.ಕೆ. ಪಾಟೀಲರನ್ನು ಸೋಲಿಸಿದರು. ಹಣ, ಪಕ್ಷ, ಪ್ರತಿಷ್ಠೆ ಎಲ್ಲವೂ ಎದುರಾಳಿಯ ಕಡೆಗಿದ್ದಾಗ ಜನ ತಮ್ಮ ನಡುವೆ ದುಡಿದವನನ್ನು ಆರಿಸಿದರು.

ಹಳೆಯ ಕಾಲವನ್ನು ಹೊಗಳಿ ಸುಮ್ಮನಾಗುವಂತೆಯೂ ಇಲ್ಲ. ಅರವತ್ತರ ದಶಕದಲ್ಲೇ ಪತ್ರಿಕೆ ಮತ್ತು ರಾಜಕಾರಣ ಕೈಜೋಡಿಸಿದರೆ ಏನಾಗುತ್ತದೆಂದು ದಕ್ಷಿಣದವರು ಕಂಡುಂಡರು. 1960ರಲ್ಲಿ ಆರಂಭವಾದ ‘ಮಾರ್ಮಿಕ್’ ವಾರಪತ್ರಿಕೆ ಕಚೇರಿಗಳಲ್ಲಿದ್ದ ದಕ್ಷಿಣ ಭಾರತೀಯ ಅಧಿಕಾರಿಗಳ ಹೆಸರುಗಳನ್ನು ಪಟ್ಟಿ ಮಾಡಿ ಅಚ್ಚು ಹಾಕಿತು. ಆ ಪಟ್ಟಿಗಳಿಂದ ಎದ್ದ ಸಿಟ್ಟಿನ ಮೇಲೆ 1966ರಲ್ಲಿ ಶಿವಸೇನೆ ಸ್ಥಾಪನೆಯಾಯಿತು. ಉಡುಪಿ ಹೋಟೆಲುಗಳಿಗೆ ಕಲ್ಲು ಬಿದ್ದವು. 1969ರ ಫೆಬ್ರವರಿಯಲ್ಲಿ ಕರ್ನಾಟಕದ ಗಡಿ ವಿವಾದದ ಹೆಸರಿನಲ್ಲಿ ನಗರವೇ ಹೊತ್ತಿ ಉರಿಯಿತು. ಓದುಗರ ನಂಬಿಕೆ ಪತ್ರಿಕೆಗೆ ಕೊಡುವ ಬಲ ಯಾವ ದಿಕ್ಕಿಗೂ ತಿರುಗಬಲ್ಲದು ಎಂಬುದನ್ನು ಹೋಟೆಲಿನ ಶಟರ್ ಎಳೆದು ಒಳಗೆ ಕೂತವರಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಉತ್ತರದಾಯಿತ್ವ ಸೋತ ಬಗೆ

ನಂಬಿಕೆ ಒಂದೇ ದಿನದಲ್ಲಿ ಕುಸಿಯಲಿಲ್ಲ. 1992ರ ಡಿಸೆಂಬರ್ ಮತ್ತು 1993ರ ಜನವರಿಯ ಗಲಭೆಗಳಲ್ಲಿ ಸುಮಾರು 900 ಜನ ಸತ್ತರು. ಬೆಂಗಳೂರು ಮೂಲದ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಅವರ ಆಯೋಗ ವರ್ಷಗಟ್ಟಲೆ ಸಾಕ್ಷ್ಯ ಕೇಳಿತು. ಅದರ ವರದಿ ಶಿವಸೇನೆಯ ನಾಯಕತ್ವದತ್ತ, ‘ಸಾಮ್ನಾ’ದಂಥ ಪತ್ರಿಕೆಗಳ ಪ್ರಚೋದಕ ಬರಹಗಳತ್ತ, ಪಕ್ಷಪಾತ ತೋರಿದ ಪೊಲೀಸರತ್ತ ನೇರವಾಗಿ ಬೊಟ್ಟು ಮಾಡಿತು. 1998ರಲ್ಲಿ ಸೇನಾ–ಬಿಜೆಪಿ ಸರಕಾರ ಅದನ್ನು ತಿರಸ್ಕರಿಸಿತು. ಮರುವರ್ಷ ಬಂದ ಕಾಂಗ್ರೆಸ್–ಎನ್‌ಸಿಪಿ ಸರಕಾರ ಹದಿನೈದು ವರ್ಷ ಆಳಿಯೂ ಅದರ ಮೇಲೆ ಹೇಳಿಕೊಳ್ಳುವಂಥ ಕ್ರಮ ಕೈಗೊಳ್ಳಲಿಲ್ಲ. ತಪ್ಪಿತಸ್ಥರ ಹೆಸರು ಹೇಳುವ ವರದಿಯೂ ಕಪಾಟು ಸೇರಿದಾಗ ಜನ ವರದಿಗಳನ್ನೇ ನಂಬದಾದರು.

2008ರ ನವೆಂಬರ್ 26ರ ದಾಳಿಯ ನಂತರ ಸಿಟ್ಟು ಕಟ್ಟೆಯೊಡೆಯಿತು. 166 ಜೀವಗಳು ಹೋಗಿದ್ದವು. ಗೃಹ ಖಾತೆ ಹೊತ್ತಿದ್ದ ಉಪಮುಖ್ಯಮಂತ್ರಿ ಆರ್.ಆರ್. ಪಾಟೀಲ್ ದೊಡ್ಡ ಊರುಗಳಲ್ಲಿ ಇಂಥ ಸಣ್ಣಪುಟ್ಟ ಘಟನೆ ನಡೆಯುತ್ತವೆ ಎಂಬರ್ಥದ ಮಾತಾಡಿದರು. ಮುಖ್ಯಮಂತ್ರಿ ವಿಲಾಸರಾವ್ ದೇಶಮುಖ್ ತಾಜ್ ಹೋಟೆಲಿನ ಅವಶೇಷ ನೋಡಲು ಹೋದಾಗ ನಟ ಮಗನನ್ನೂ ಒಬ್ಬ ಸಿನಿಮಾ ನಿರ್ದೇಶಕರನ್ನೂ ಕರೆದೊಯ್ದರು. ಡಿಸೆಂಬರ್ 3ರ ಸಂಜೆ ಗೇಟ್‌ವೇ ಆಫ್ ಇಂಡಿಯಾದ ಬಳಿ ಸಾವಿರಾರು ಜನ ನೆರೆದು ರಾಜಕಾರಣಿಗಳ ವಿರುದ್ಧ ಘೋಷಣೆ ಕೂಗಿದರು. ಇಬ್ಬರೂ ಪದವಿ ಬಿಟ್ಟರು. ಆರೇ ತಿಂಗಳಲ್ಲಿ ದೇಶಮುಖ್ ಕೇಂದ್ರ ಮಂತ್ರಿಯಾದರು. ವರ್ಷ ತುಂಬುವುದರೊಳಗೆ ಪಾಟೀಲ್ ಮತ್ತೆ ರಾಜ್ಯದ ಗೃಹಮಂತ್ರಿಯಾದರು.

ದಾಳಿಯ ಆ ದಿನಗಳಲ್ಲಿ ಟಿವಿ ವಾಹಿನಿಗಳು ಕಮಾಂಡೋಗಳ ಚಲನವಲನವನ್ನು ನೇರವಾಗಿ ಬಿತ್ತರಿಸಿದ್ದವು. ಗಡಿಯಾಚೆ ಕುಳಿತು ಫೋನಿನಲ್ಲಿ ಉಗ್ರರನ್ನು ನಡೆಸುತ್ತಿದ್ದವರು ಅದನ್ನೇ ನೋಡುತ್ತಿದ್ದರು. 2012ರ ಆಗಸ್ಟ್‌ನಲ್ಲಿ ಕಸಬ್‌ನ ಮೇಲ್ಮನವಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಈ ಪ್ರಸಾರವನ್ನು ಕಟುವಾಗಿ ಖಂಡಿಸಿತು. ಹೀಗೆ ಒಂದೇ ವಾರದಲ್ಲಿ ಈ ನಗರದ ಜನಕ್ಕೆ ಆಳುವವರ ಮೇಲೂ ಸುದ್ದಿ ಕೊಡುವವರ ಮೇಲೂ ಅಸಮಾಧಾನ ಹುಟ್ಟಿತು. ಆದರೆ ಐದು ತಿಂಗಳ ನಂತರ, 2009ರ ಏಪ್ರಿಲ್ 30ರಂದು, ದಾಳಿ ನಡೆದ ಅದೇ ದಕ್ಷಿಣ ಮುಂಬಯಿಯಲ್ಲಿ ಮತದಾನ ಶೇ. 40ರ ಆಸುಪಾಸಿಗೆ ನಿಂತಿತು. ಬೀದಿಗೆ ಬಂದ ಸಿಟ್ಟು ಮತಗಟ್ಟೆಗೆ ಬರಲಿಲ್ಲ. ನಮ್ಮ ಭ್ರಮನಿರಸನದ ಚರಿತ್ರೆಯಲ್ಲಿ ಇದು ಮುಖ್ಯ ಪಾಠ.

ಕಾಸಿನ ಸುದ್ದಿ, ಕೂಗಿನ ಸುದ್ದಿ

ಅದೇ ವರ್ಷದ ಅಕ್ಟೋಬರಿನಲ್ಲಿ ಮಹಾರಾಷ್ಟ್ರ ವಿಧಾನಸಭೆಗೆ ಚುನಾವಣೆ ನಡೆಯಿತು. ಪತ್ರಕರ್ತ ಪಿ. ಸಾಯಿನಾಥ್ ‘ದಿ ಹಿಂದೂ’ವಿನಲ್ಲಿ ಬಯಲಿಗೆಳೆದ ಸಂಗತಿ ಸರಳವಾಗಿತ್ತು. ಮುಖ್ಯಮಂತ್ರಿ ಅಶೋಕ್ ಚವಾಣ್ ಅವರನ್ನು ಹೊಗಳುವ ಪುಟಗಟ್ಟಲೆ ಬರಹ ದೊಡ್ಡ ಮರಾಠಿ ಪತ್ರಿಕೆಗಳಲ್ಲಿ ಸುದ್ದಿಯ ವೇಷದಲ್ಲಿ ಬಂದಿತ್ತು. ಒಂದಕ್ಕೊಂದು ಪೈಪೋಟಿಯ ಪತ್ರಿಕೆಗಳಲ್ಲಿ ಅದೇ ಬರಹ ಪದ ಬದಲಾಗದೆ ಅಚ್ಚಾಗಿತ್ತು. ಚವಾಣ್ ಕೊಟ್ಟ ಚುನಾವಣಾ ವೆಚ್ಚದ ಲೆಕ್ಕದಲ್ಲಿ ಪತ್ರಿಕಾ ಜಾಹೀರಾತಿಗೆ ತೋರಿಸಿದ್ದು 5,379 ರೂಪಾಯಿ. ವೆಚ್ಚದ ಲೆಕ್ಕ ಸರಿಯಿಲ್ಲವೆಂದು 2014ರಲ್ಲಿ ಚುನಾವಣಾ ಆಯೋಗ ಹೇಳಿತಾದರೂ ದಿಲ್ಲಿ ಹೈಕೋರ್ಟು ಆ ಆದೇಶವನ್ನು ರದ್ದುಮಾಡಿತು. ಭಾರತೀಯ ಪತ್ರಿಕಾ ಮಂಡಳಿ ಪರಂಜಯ್ ಗುಹಾ ಠಾಕುರ್ತಾ ಮತ್ತು ಕೆ. ಶ್ರೀನಿವಾಸ ರೆಡ್ಡಿ ಅವರಿಂದ ತನಿಖೆ ಮಾಡಿಸಿತು. ಅವರು ಪತ್ರಿಕೆಗಳ ಹೆಸರು ಹಿಡಿದು ಬರೆದ ದೀರ್ಘ ವರದಿಯ ಬದಲು 2010ರಲ್ಲಿ ಮಂಡಳಿ ಮೊದಲು ಹೊರಬಿಟ್ಟದ್ದು ಹೆಸರುಗಳಿಲ್ಲದ ಸಂಕ್ಷಿಪ್ತ ವರದಿಯನ್ನು. ಮತ್ತೆ ಹೆಸರುಗಳೇ ಮಾಯ!

ಟಿವಿಯ ಕಾಯಿಲೆ ಬೇರೆ. ಅದು ಕೂಗಿನದು. 2020ರ ಜೂನ್ 14ರಂದು ಬಾಂದ್ರಾದಲ್ಲಿ ನಟ ಸುಶಾಂತ್ ಸಿಂಗ್ ರಜಪೂತ್ ತೀರಿಕೊಂಡ ಮೇಲೆ ತಿಂಗಳುಗಟ್ಟಲೆ ಸ್ಟುಡಿಯೋಗಳೇ ನ್ಯಾಯಾಲಯಗಳಾದವು. ಕೊರೋನಾದಿಂದ ನಗರ ತತ್ತರಿಸುತ್ತಿದ್ದ ಹೊತ್ತು ಅದು. ಆಸ್ಪತ್ರೆಯಲ್ಲಿ ಹಾಸಿಗೆ ಎಲ್ಲಿ ಸಿಗುತ್ತದೆಂಬುದಕ್ಕಿಂತ ಒಬ್ಬ ತರುಣಿಯನ್ನು ಅಪರಾಧಿಯೆಂದು ಸಾರುವುದೇ ದೊಡ್ಡ ಸುದ್ದಿಯಾಯಿತು. 2021ರ ಜನವರಿ 18ರಂದು ಬಾಂಬೆ ಹೈಕೋರ್ಟು ಎರಡು ಇಂಗ್ಲಿಷ್ ವಾಹಿನಿಗಳ ಕೆಲವು ಪ್ರಸಾರಗಳು ಮೇಲ್ನೋಟಕ್ಕೆ ನ್ಯಾಯಾಂಗ ನಿಂದನೆಯೇ ಸರಿ ಎಂದಿತು. 2025ರ ಮಾರ್ಚ್‌ನಲ್ಲಿ ಸಿಬಿಐ ಪ್ರಕರಣ ಮುಕ್ತಾಯದ ವರದಿ ಸಲ್ಲಿಸಿತು. ಆ ಹೊತ್ತಿಗೆ ಕೂಗಿದವರು ಬೇರೆ ವಿಷಯಕ್ಕೆ ಹೋಗಿಯಾಗಿತ್ತು.

2020ರ ಅಕ್ಟೋಬರಿನಲ್ಲಿ ವಾಹಿನಿಗಳ ಟಿಆರ್‌ಪಿ ಮೋಸವನ್ನು ಬಯಲಿಗೆಳೆದೆವೆಂದು ಮುಂಬಯಿ ಪೊಲೀಸ್ ಆಯುಕ್ತ ಪರಮ್‌ಬೀರ್ ಸಿಂಗ್ ಪತ್ರಿಕಾಗೋಷ್ಠಿ ನಡೆಸಿದರು. ಐದಾರು ತಿಂಗಳಲ್ಲಿ ಅವರೇ ಹುದ್ದೆ ಕಳೆದುಕೊಂಡು, ಗೃಹಮಂತ್ರಿ ಅನಿಲ್ ದೇಶಮುಖ್ ತಿಂಗಳಿಗೆ ನೂರು ಕೋಟಿ ವಸೂಲಿಯ ಗುರಿ ಕೊಟ್ಟಿದ್ದರೆಂದು ಪತ್ರ ಬರೆದು ಆರೋಪಿಸಿದರು. ದೇಶಮುಖ್ ಅದನ್ನು ಅಲ್ಲಗಳೆದು ರಾಜೀನಾಮೆ ಕೊಟ್ಟರು. 2024ರಲ್ಲಿ ಟಿಆರ್‌ಪಿ ಪ್ರಕರಣವನ್ನೇ ಹಿಂದೆಗೆದುಕೊಳ್ಳಲಾಯಿತು. ಯಾರು ಯಾರನ್ನು ಹಿಡಿದರು, ಯಾರು ಯಾಕೆ ಬಿಟ್ಟರು ಎಂಬುದು ಪತ್ರಿಕೆ ಓದುವವನಿಗೂ ತಿಳಿಯದಷ್ಟು ಗೋಜಲಾಯಿತು. ಇಂಥ ಗೋಜಲಿನಲ್ಲಿ ದಣಿದವನು ‘ಎಲ್ಲರೂ ಒಂದೇ’ ಎಂದು ಕೈಚೆಲ್ಲಿದರೆ ಅವನನ್ನು ದೂರುವುದು ಕಷ್ಟ.

ಎರಡೂ ಊರು ಕೈಬಿಟ್ಟ ಮೇ ತಿಂಗಳು

ಮುಂಬಯಿ ಕನ್ನಡಿಗರ ಪಾಲಿಗೆ ಈ ಭ್ರಮನಿರಸನದ ಕಹಿ ಅಧ್ಯಾಯ 2020ರ ಮೇ. ಹೋಟೆಲುಗಳು ಮುಚ್ಚಿದ್ದವು. ಅಡುಗೆಯವರು, ಸಪ್ಲೈಯರ್‌ಗಳು, ಕ್ಲೀನರ್‌ಗಳು, ಕ್ಯಾಂಟೀನ್ ನಡೆಸುವವರು ಕೆಲಸವಿಲ್ಲದೆ ಕುಳಿತಿದ್ದರು. ಇವರಲ್ಲಿ ಎಷ್ಟೋ ಜನರಿಗೆ ಹೋಟೆಲೇ ಮನೆ. ರಾತ್ರಿ ಮೇಜು ಸರಿಸಿ ಮಲಗುವ ಜಾಗವೇ ಅವರ ವಿಳಾಸ. ಹೋಟೆಲು ಮುಚ್ಚಿದಾಗ ಸಂಬಳ, ಊಟ, ಸೂರು ಮೂರೂ ಒಟ್ಟಿಗೆ ಹೋದವು. ಉಡುಪಿ, ಕುಂದಾಪುರ, ಮಂಡ್ಯದ ಕೆ.ಆರ್. ಪೇಟೆ, ಕಲಬುರಗಿಯ ಕಡೆಯವರು ಸೇವಾಸಿಂಧು ಜಾಲತಾಣದಲ್ಲಿ ಪಾಸಿಗೆ ಅರ್ಜಿ ಹಾಕಿ, ಮೊಬೈಲ್ ನೋಡುತ್ತ ಕಾದರು. ಸಿಕ್ಕವರು ಬಾಡಿಗೆ ವಾಹನ ಹಿಡಿದು ನಿಪ್ಪಾಣಿ ಬಳಿಯ ಕೊಗನೊಳ್ಳಿ ಚೆಕ್‌ಪೋಸ್ಟ್‌ ತಲುಪಿದರು. ಮೇ 18ರಂದು ಕರ್ನಾಟಕ ಸರಕಾರ ಮಹಾರಾಷ್ಟ್ರ, ಗುಜರಾತ್, ತಮಿಳುನಾಡು, ಕೇರಳಗಳಿಂದ ಬರುವವರಿಗೆ ತಿಂಗಳ ಕೊನೆಯವರೆಗೆ ಪ್ರವೇಶವಿಲ್ಲವೆಂದಿತು.

ಸೋಂಕು ತಡೆಯುವುದು ಸರಕಾರದ ಹೊಣೆ, ಒಪ್ಪೋಣ. ಒಪ್ಪಲಾಗದ್ದು ನಮ್ಮ ಕನ್ನಡ ಟಿವಿ ವಾಹಿನಿಗಳು ಬಳಸಿದ ಭಾಷೆ. ಬಂದವರ ಸಂಖ್ಯೆ ಹೇಳುವುದರ ಬದಲು ಅವರು ಬಂದ ಊರಿನ ಹೆಸರನ್ನೇ ರೋಗಕ್ಕೆ ಅಂಟಿಸಿ, ಕೆಂಪು ಅಕ್ಷರಗಳಲ್ಲಿ ‘ಮುಂಬಯಿ’ ಎಂದು ಮಿನುಗಿಸಿ, ಅದಕ್ಕೊಂದು ಭಯದ ಸಂಗೀತ ಸೇರಿಸಿ ದಿನವಿಡೀ ತೋರಿಸಲಾಯಿತು. ಅದನ್ನು ನೋಡಿದ ಹಳ್ಳಿಗಳಲ್ಲಿ ಮಗನಿಗೆ, ತಮ್ಮನಿಗೆ ಬಾಗಿಲು ಮುಚ್ಚಿತು. ವರ್ಷಗಟ್ಟಲೆ ಇದೇ ಮಕ್ಕಳ ಮನಿಯಾರ್ಡರು ಕಾದ ಹಳ್ಳಿಗಳು ಅವು. ಊರಿನ ದೇವಸ್ಥಾನದ ಜೀರ್ಣೋದ್ಧಾರಕ್ಕೆ, ಶಾಲೆಯ ಕಟ್ಟಡಕ್ಕೆ, ಯಕ್ಷಗಾನ ಮೇಳಕ್ಕೆ ಮುಂಬಯಿಯ ಹಣ ಬೇಕಿತ್ತು. ಕಷ್ಟಕಾಲದಲ್ಲಿ ಮುಂಬಯಿಯ ಮನುಷ್ಯ ಬೇಡವಾದ. ಕೆಲಸದ ಊರಿನಲ್ಲಿ ಮತದಾರರ ಪಟ್ಟಿಯಲ್ಲಿ ಹೆಸರಿಲ್ಲ, ಹುಟ್ಟೂರಿನಲ್ಲಿ ದನಿಯಿಲ್ಲ. ಎರಡೂ ಕಡೆಯ ರಾಜಕಾರಣಕ್ಕೆ ಲೆಕ್ಕಕ್ಕಿಲ್ಲದ ಈ ಜನರ ನೋವನ್ನು ಮುಂಬಯಿಯ ಕನ್ನಡ ಪತ್ರಿಕೆಗಳು, ಸಂಘಸಂಸ್ಥೆಗಳು ತಮ್ಮ ಕೈಲಾದಷ್ಟು ಹೊತ್ತವು. ಆ ಪ್ರಸಾರಕ್ಕೆ ದೊಡ್ಡ ವಾಹಿನಿಗಳಿಂದ ಕ್ಷಮೆ ಬರಬೇಕಿತ್ತು. ಆ ಋಣ ಇನ್ನೂ ಬಾಕಿಯಿದೆ.

ಚಿಹ್ನೆ ಬದಲಾಯಿತು, ಪಾಲಿಕೆ ಖಾಲಿಯಾಯಿತು

2019ರಲ್ಲಿ ಆರಿಸಿದ ವಿಧಾನಸಭೆಯ ಒಂದೇ ಅವಧಿಯಲ್ಲಿ ಮಹಾರಾಷ್ಟ್ರ ಮೂವರು ಮುಖ್ಯಮಂತ್ರಿಗಳನ್ನು ಕಂಡಿತು. ನವೆಂಬರ್ 23ರ ಮುಂಜಾವಿನ ಪ್ರಮಾಣವಚನ, ನಾಲ್ಕು ದಿನ ಬಾಳದ ಸರಕಾರ, ಚುನಾವಣೆಯಲ್ಲಿ ಎದುರಾಳಿಗಳಾಗಿದ್ದವರ ಮೈತ್ರಿ, 2022ರ ಜೂನಿನಲ್ಲಿ ಸೂರತ್, ಗುವಾಹಟಿಗಳ ಹೋಟೆಲುಗಳಲ್ಲಿ ಕೂತ ಶಾಸಕರು, 2023ರ ಜುಲೈನಲ್ಲಿ ಎನ್‌ಸಿಪಿಯ ಒಡಕು. ಬಿಲ್ಲುಬಾಣದ ಗುರುತಿಗೆ ಮತ ಹಾಕಿದವನಿಗೆ ತನ್ನ ಮತ ಯಾವ ಬಣಕ್ಕೆ ಬಿತ್ತೆಂದು ಚುನಾವಣಾ ಆಯೋಗವೇ ಹೇಳಬೇಕಾಯಿತು.

ಆದರೆ ಸಾಮಾನ್ಯನ ದಿನನಿತ್ಯಕ್ಕೆ ಹೆಚ್ಚು ಪೆಟ್ಟು ಕೊಟ್ಟದ್ದು ಸದ್ದಿಲ್ಲದೆ ನಡೆದ ಇನ್ನೊಂದು ಸಂಗತಿ. 2022ರ ಮಾರ್ಚ್ 7ಕ್ಕೆ ಬೃಹನ್ಮುಂಬಯಿ ಮಹಾನಗರ ಪಾಲಿಕೆಯ ಅವಧಿ ಮುಗಿಯಿತು. ವಾರ್ಡುಗಳು 227 ಇರಬೇಕೋ 236 ಇರಬೇಕೋ ಎಂಬ ಜಗ್ಗಾಟ, ಹಿಂದುಳಿದ ವರ್ಗಗಳ ಮೀಸಲಾತಿಯ ವ್ಯಾಜ್ಯ ಇವುಗಳ ನಡುವೆ ಚುನಾವಣೆ ಮುಂದಕ್ಕೆ ಹೋಗುತ್ತಲೇ ಇತ್ತು. 2025–26ರಲ್ಲಿ 74,427 ಕೋಟಿ ರೂಪಾಯಿಯ ಬಜೆಟ್ ಮಂಡಿಸಿದ, ದೇಶದ ಅತಿ ಶ್ರೀಮಂತ ಪಾಲಿಕೆಯನ್ನು ಸುಮಾರು ನಾಲ್ಕು ವರ್ಷ ಆಡಳಿತಾಧಿಕಾರಿಗಳೇ ನಡೆಸಿದರು. ನಲ್ಲಿಯಲ್ಲಿ ಕೆಸರು ನೀರು ಬಂದರೆ, ಮಳೆಗಾಲಕ್ಕೆ ಮುನ್ನ ಗಟಾರದ ಹೂಳು ತೆಗೆಯದಿದ್ದರೆ ಬಾಗಿಲು ತಟ್ಟಲು ನಗರಸೇವಕನಿರಲಿಲ್ಲ. ವಾರ್ಡ್ ಆಫೀಸಿನ ಕಿಟಕಿಯಲ್ಲಿ ಅರ್ಜಿ ಕೊಟ್ಟು ಬರುವುದಷ್ಟೇ ಉಳಿದಿತ್ತು.

ಈ ಅವಧಿಯಲ್ಲೇ 2024ರ ಮೇ 13ರಂದು ಘಾಟ್ಕೋಪರಿನ ಛೇಡಾ ನಗರದ ಪೆಟ್ರೋಲ್ ಪಂಪಿನ ಮೇಲೆ ಹೋರ್ಡಿಂಗ್ ಉರುಳಿ 17 ಜನ ಸತ್ತರು. ಪಾಲಿಕೆಯ ನಿಯಮದಂತೆ ಹೋರ್ಡಿಂಗ್ ಗರಿಷ್ಠ 40 ಅಡಿ ಉದ್ದ, 40 ಅಡಿ ಅಗಲ ಇರಬಹುದು. ಬಿದ್ದದ್ದು 120 ಅಡಿ ಉದ್ದ, 120 ಅಡಿ ಅಗಲದ್ದು. ಹೆದ್ದಾರಿಯಲ್ಲಿ ಹೋಗುವ ಪ್ರತಿಯೊಬ್ಬರ ಕಣ್ಣಿಗೂ ಬೀಳುತ್ತಿದ್ದ ಗಾತ್ರವದು. ಜಾಗ ರೈಲ್ವೆ ಪೊಲೀಸರದು, ನಿಯಮ ಪಾಲಿಕೆಯದು, ಹೊಣೆ ಯಾರದೂ ಅಲ್ಲ. ಲೋಕಸಭಾ ಮತದಾನಕ್ಕೆ ವಾರವಷ್ಟೇ ಇತ್ತು. ಪಕ್ಷಗಳು ಒಬ್ಬರ ಫೋಟೋ ಇನ್ನೊಬ್ಬರು ತೋರಿಸಿ ಕಚ್ಚಾಡಿದವು.

ಅದು ಬೀಳುವ ಮೊದಲೇ ದೊಡ್ಡದಾಗಿ ಬರೆಯಬೇಕಿದ್ದ ಪತ್ರಿಕೆಗಳು ಎಲ್ಲಿದ್ದವು? ಬಡಾವಣೆಯ ಸುದ್ದಿಗೆ ಹೆಸರಾಗಿದ್ದ ‘ಆಫ್ಟರ್‌ನೂನ್’ 2019ರಲ್ಲಿ ಮುಚ್ಚಿತ್ತು. ಅದೇ ವರ್ಷ ‘ಡಿಎನ್‌ಎ’ ಮುದ್ರಣ ನಿಲ್ಲಿಸಿತ್ತು. 2020ರ ಕೊನೆಗೆ ‘ಮುಂಬಯಿ ಮಿರರ್’ ದೈನಿಕವಾಗಿ ಉಳಿಯಲಿಲ್ಲ. ವಾರ್ಡ್ ಸುತ್ತುವ ವರದಿಗಾರರ ಸಂಖ್ಯೆ ಇಳಿದಷ್ಟೂ ಸ್ಟುಡಿಯೋದ ಕೂಗು ಏರಿತು. ಸುದ್ದಿ ತರಲು ಖರ್ಚಿದೆ, ಕೂಗಾಡಲು ಇಲ್ಲ.

ಎಲ್ಲರೂ ಅಲ್ಲ

ಇಷ್ಟೆಲ್ಲ ಓದಿದವರಿಗೆ ‘ಎಲ್ಲರೂ ಕಳ್ಳರು’ ಎಂಬ ಮಾತೇ ಸರಿಯೆನಿಸಬಹುದು. ಆದರೆ ಇಷ್ಟನ್ನೂ ನಮಗೆ ತಿಳಿಸಿದವರು ಯಾರು? ಕಾಸಿನ ಸುದ್ದಿಯನ್ನು ಬಯಲಿಗೆಳೆದವರು ಪತ್ರಕರ್ತರೇ. ಪಾಲಿಕೆಯಲ್ಲಿ ಸದಸ್ಯರಿಲ್ಲದ ಕಾಲದಲ್ಲಿ ಆಡಳಿತ ಪಕ್ಷಗಳ 21 ಶಾಸಕರ ಕ್ಷೇತ್ರಗಳಿಗೆ ಸುಮಾರು 500 ಕೋಟಿ ರೂಪಾಯಿ ಹೋಯಿತು, ವಿರೋಧ ಪಕ್ಷದವರಿಗೆ ಒಂದು ರೂಪಾಯಿಯೂ ಸಿಗಲಿಲ್ಲವೆಂದು ಮಾಹಿತಿ ಹಕ್ಕಿನ ಅರ್ಜಿ ಹಾಕಿ 2024ರಲ್ಲಿ ವರದಿ ಮಾಡಿದ್ದು ‘ಇಂಡಿಯನ್ ಎಕ್ಸ್‌ಪ್ರೆಸ್’ ಪತ್ರಿಕೆ. ಭೂಗತ ಲೋಕದ ಬಗ್ಗೆ ಬರೆದ ‘ಮಿಡ್-ಡೇ’ಯ ಜೆ. ಡೇ ಅವರನ್ನು 2011ರ ಜೂನ್ 11ರಂದು ಪೊವಾಯಿಯಲ್ಲಿ ಹಾಡಹಗಲೇ ಗುಂಡಿಕ್ಕಿ ಕೊಂದರು. ಮಾರಿಕೊಂಡವರನ್ನು ಯಾರೂ ಕೊಲ್ಲುವುದಿಲ್ಲ.

ರಾಜಕಾರಣದಲ್ಲೂ ಹಾಗೆಯೇ. 2007ರಲ್ಲಿ ಜುಹುವಿನ ನಿವಾಸಿಗಳು ಸಭೆ ಸೇರಿ ತಾವೇ ಆಯ್ದ ಅಡಾಲ್ಫ್ ಡಿಸೋಜಾ ಅವರನ್ನು ಯಾವ ಪಕ್ಷದ ಹಂಗೂ ಇಲ್ಲದೆ ಪಾಲಿಕೆಗೆ ಕಳುಹಿಸಿದರು. ಆ ಪ್ರಯೋಗ ನಗರದ ತುಂಬ ಹಬ್ಬಲಿಲ್ಲ, ಆದರೆ ಸಾಧ್ಯವೆಂದು ತೋರಿಸಿತು. ‘ಪ್ರಜಾ ಫೌಂಡೇಶನ್’ ನಮ್ಮ ನಗರಸೇವಕರು, ಶಾಸಕರು ಸಭೆಗೆ ಎಷ್ಟು ಬಂದರು, ಎಷ್ಟು ಪ್ರಶ್ನೆ ಕೇಳಿದರು ಎಂಬ ಲೆಕ್ಕವನ್ನು ವರ್ಷವರ್ಷವೂ ಪ್ರಕಟಿಸುತ್ತ ಬಂದಿದೆ. ಒಬ್ಬೊಬ್ಬರ ನಡುವೆ ಅಜಗಜಾಂತರವಿರುವುದು ಅದನ್ನು ತಿರುವಿದರೆ ಕಾಣುತ್ತದೆ.

ಒಳ್ಳೆಯವನನ್ನೂ ಕೆಟ್ಟವನನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಲಾಭವಾಗುವುದು ಕೆಟ್ಟವನಿಗೆ. ಪ್ರಾಮಾಣಿಕನಿಗೆ ತನ್ನ ಪ್ರಾಮಾಣಿಕತೆಯಿಂದ ಸಿಗಬೇಕಾದ ಒಂದೇ ಒಂದು ಫಲ ಜನರ ವಿಶ್ವಾಸ. ಅದನ್ನೂ ನಾವು ಕಸಿದುಕೊಂಡರೆ ಅವನು ಯಾಕೆ ನಿಲ್ಲಬೇಕು?

ನಮ್ಮ ಪಾಲಿನ ಹೊಣೆ

ಕುರ್ಲಾದ ಬಂಟರ ಭವನ, ಸಾಂತಾಕ್ರೂಜ್‌ನ ಬಿಲ್ಲವ ಭವನ, ಮಾಟುಂಗಾದ ಮೈಸೂರು ಅಸೋಸಿಯೇಷನ್, ಮಾಹಿಮಿನ ಕರ್ನಾಟಕ ಸಂಘ ಮೊದಲಾಗಿ ನೂರಾರು ವೇದಿಕೆಗಳು ನಮಗಿವೆ. ‘ಕರ್ನಾಟಕ ಮಲ್ಲ’ದಂಥ ದೈನಿಕ, ‘ಉದಯವಾಣಿ’ಯ ಮುಂಬಯಿ ಆವೃತ್ತಿ, ‘ಮೊಗವೀರ’ದಂಥ ಮಾಸಿಕಗಳು ಈ ನೆಲದಲ್ಲೇ ಬೆಳೆದವು. ಆದರೆ ನಮ್ಮ ಸಾಮಾನ್ಯ ಪದ್ಧತಿ ನೋಡಿ: ವಾರ್ಷಿಕೋತ್ಸವಕ್ಕೆ ಶಾಸಕರನ್ನು ಕರೆಯುತ್ತೇವೆ, ಶಾಲು ಹೊದಿಸಿ, ಪೇಟ ತೊಡಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಸ್ಮರಣಿಕೆಯೊಂದಿಗೆ ಫೋಟೋ ತೆಗೆಸುತ್ತೇವೆ. ಮರುದಿನ ಆ ಫೋಟೋ ಪತ್ರಿಕೆಯಲ್ಲಿ ಬರುತ್ತದೆ. ಮೂರನೆಯ ದಿನ ರಾಜಕಾರಣಿಗಳೆಲ್ಲ ಕೆಟ್ಟವರೆಂದು ಮಾತಾಡುತ್ತೇವೆ. ವೇದಿಕೆಯ ಮೇಲಿದ್ದಾಗ ಅವರನ್ನು ಒಂದು ಪ್ರಶ್ನೆಯನ್ನೂ ಕೇಳಿರುವುದಿಲ್ಲ. ಪಾಲಿಕೆಯ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಮಕ್ಕಳು ಕಡಿಮೆಯಾಗುತ್ತಿರುವಾಗ ಏನು ಮಾಡಿದಿರಿ ಎಂದು ಮೈಕಿನಲ್ಲಿ ಕೇಳಿದರೆ ಅಗೌರವವಾಗುವುದಿಲ್ಲ.

‘ನಮ್ಮವರು’ ಗೆದ್ದರೆ ಸಾಕೆಂಬ ಲೆಕ್ಕವೂ ಕೈಕೊಟ್ಟಿದೆ. ಉತ್ತರ ಮುಂಬಯಿಯಿಂದ 2014, 2019ರಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಅಂತರದಲ್ಲಿ ಗೆದ್ದ ಗೋಪಾಲ್ ಶೆಟ್ಟಿಯವರಿಗೆ 2024ರಲ್ಲಿ ಪಕ್ಷ ಟಿಕೆಟ್ ಕೊಡಲಿಲ್ಲ, ಪಿಯೂಷ್ ಗೋಯಲ್ ಅವರನ್ನು ತಂದು ನಿಲ್ಲಿಸಿತು. ಕ್ಷೇತ್ರದ ಜನರ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ಜಾತಿ, ಭಾಷೆಯ ಅಭಿಮಾನ ಪ್ರಶ್ನೆ ಕೇಳುವ ಅಭ್ಯಾಸಕ್ಕೆ ಬದಲಿಯಾಗಲಾರದು.

2026ರ ಜನವರಿ 15ರಂದು ಪಾಲಿಕೆಗೆ ಕಡೆಗೂ ಚುನಾವಣೆ ನಡೆಯಿತು. ನಾಲ್ಕು ವರ್ಷ ಪ್ರತಿನಿಧಿಯಿಲ್ಲದೆ ಬಳಲಿದ ನಗರದಲ್ಲಿ ಮತದಾನ ಸುಮಾರು ಶೇ. 53. 2017ರಲ್ಲಿ ಶೇ. 55 ಇತ್ತು. ನಿಮ್ಮ ವಾರ್ಡಿಗೆ ಈಗ ಮತ್ತೆ ಒಬ್ಬ ನಗರಸೇವಕ ಅಥವಾ ನಗರಸೇವಕಿ ಇದ್ದಾರೆ. ಅವರ ಹೆಸರು ತಿಳಿದುಕೊಳ್ಳಿ. ಚುನಾವಣಾ ಪ್ರಮಾಣಪತ್ರದಲ್ಲಿ ಅವರು ಘೋಷಿಸಿದ ಆಸ್ತಿ, ಮೊಕದ್ದಮೆಗಳನ್ನು ಓದಿ. ನಿಮ್ಮ ರಸ್ತೆಗೆ, ಗಟಾರಕ್ಕೆ, ಶಾಲೆಗೆ ಎಷ್ಟು ಹಣ ಬಂತೆಂದು ಹತ್ತು ರೂಪಾಯಿಯ ಸ್ಟಾಂಪು ಅಂಟಿಸಿ ಮಾಹಿತಿ ಹಕ್ಕಿನಲ್ಲಿ ಕೇಳಿ. ಮೂವತ್ತು ದಿನದಲ್ಲಿ ಉತ್ತರ ಕೊಡುವುದು ಕಾನೂನು. ಬಂದ ಉತ್ತರವನ್ನು ನಿಮ್ಮ ಕನ್ನಡ ಪತ್ರಿಕೆಗೆ ಕಳುಹಿಸಿ, ಪ್ರಕಟಿಸುವಂತೆ ಒತ್ತಾಯಿಸಿ. ಪ್ರಕಟಿಸುವ ಪತ್ರಿಕೆಯನ್ನು ಕೊಂಡು ಓದಿ. ಪುಕ್ಕಟೆ ಸುದ್ದಿಯ ಬೆಲೆಯನ್ನು ಬೇರೆ ಯಾರೋ ಕೊಡುತ್ತಿರುತ್ತಾರೆ, ಅವರಿಗೆ ಬೇಕಾದ ಸುದ್ದಿಯೇ ನಿಮಗೂ ಸಿಗುತ್ತದೆ. ಸಂಘಗಳ ಪದಾಧಿಕಾರಿಗಳು ಮುಂದಿನ ಸಮಾರಂಭದಲ್ಲಿ ಸನ್ಮಾನದ ಹದಿನೈದು ನಿಮಿಷವನ್ನು ಪ್ರಶ್ನೋತ್ತರಕ್ಕೆ ಕೊಡಲಿ.

ನಮ್ಮ ಸಿಟ್ಟು ನ್ಯಾಯವಾದದ್ದು. ಮೂವತ್ತು ವರ್ಷಗಳ ದಾಖಲೆ ಅದರ ಬೆನ್ನಿಗಿದೆ. ಆದರೆ ಹೆಸರು, ತಾರೀಖು, ಮೊತ್ತ ಇಲ್ಲದ ಸಿಟ್ಟಿಗೆ ಯಾವ ರಾಜಕಾರಣಿಯೂ ಹೆದರುವುದಿಲ್ಲ, ಯಾವ ವಾಹಿನಿಯೂ ತಿದ್ದಿಕೊಳ್ಳುವುದಿಲ್ಲ. ಇನ್ನು ಮುಂದೆ ಯಾರಾದರೂ ‘ಎಲ್ಲರೂ ಕಳ್ಳರು’ ಎಂದರೆ, ಯಾರು, ಯಾವಾಗ, ಎಷ್ಟು ಎಂದು ಕೇಳಿ. ಉತ್ತರ ಗೊತ್ತಿಲ್ಲದಿದ್ದರೆ ಇಬ್ಬರೂ ಸೇರಿ ಹುಡುಕಿ.